ದಿನಕ್ಕೊಂದು ದಿಕ್ಕು: ಹಾಸನದಿಂದ ಬೆಂಗಳೂರು ನೋಡಲು ಹೊರಡುವವರಿಗೆ

ಹಾಸನದಿಂದ ಬೆಂಗಳೂರಿಗೆ ದಿನವೂ ಬಸ್ಸುಗಟ್ಟಲೆ ಜನ ಹೋಗುತ್ತಾರೆ. ಆಸ್ಪತ್ರೆಗೆ, ಮದುವೆಗೆ, ಮಗನ ಇಂಟರ್‌ವ್ಯೂಗೆ, ಹೈಕೋರ್ಟಿನ ವಾಯಿದೆಗೆ. ಹೋದ ಕೆಲಸ ಮುಗಿಯುತ್ತಿದ್ದ ಹಾಗೆ ವಾಪಸ್ ಬಸ್ ಹತ್ತುತ್ತಾರೆ. ಬರೀ ಊರು ನೋಡಬೇಕು ಅಂತ ಹೋಗುವವರು ನಮ್ಮ ಕಡೆ ಬಹಳ ಕಡಿಮೆ. ಹತ್ತಾರು ಸಲ ಹೋಗಿ ಬಂದ ನಮ್ಮ ತಾಯಂದಿರಿಗೂ ವಿಧಾನಸೌಧ ಅಂದರೆ ಬಸ್ಸಿನ ಕಿಟಕಿಯಲ್ಲಿ ಕಂಡಷ್ಟೇ. ಅದು ಅವರದೂ ರಾಜಧಾನಿ. ಒಂದು ಸಲವಾದರೂ ಯಾವ ಕೆಲಸವೂ ಇಲ್ಲದೆ, ಯಾವ ಚಿಂತೆಯೂ ಇಲ್ಲದೆ, ಸುಮ್ಮನೆ ನೋಡಲೆಂದೇ ಅವರನ್ನು ಕರೆದುಕೊಂಡು ಹೋಗಬೇಕು. ಈ ಬರಹ ಹಾಗೆ ಹೊರಡುವ ಮನೆಯವರಿಗೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ದಿನಕ್ಕೆ ಒಂದೇ ದಿಕ್ಕು ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಕೆಟ್ಟಿರಿ, ಗಂಟೆಯಲ್ಲಿ ಅಳೆಯಬೇಕು. ಹಾಸನದಿಂದ ಬೇಲೂರಿಗೆ ಹೋಗುವಷ್ಟು ಹೊತ್ತು ಅಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗಲು ಬೇಕಾಗುತ್ತದೆ. ಬೆಳಗ್ಗೆ ಬನ್ನೇರುಘಟ್ಟ, ಮಧ್ಯಾಹ್ನ ಇಸ್ಕಾನ್, ಸಂಜೆ ಲಾಲ್‌ಬಾಗ್ ಅಂತ ಚೀಟಿ ಬರೆದುಕೊಂಡು ಹೋದವರು ನೋಡುವುದು ಸಿಗ್ನಲ್‌ಗಳನ್ನು ಮಾತ್ರ.

ಯಾವ ದಿನ ಹೊರಡುವುದು

ಶನಿವಾರ ಬೆಳಗಿನ ಜಾವ ಹೊರಟು ಸೋಮವಾರ ಮಧ್ಯಾಹ್ನದ ಮೇಲೆ ಹಿಂದಿರುಗುವ ಹಾಗೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಕಾರಣ ಸರಳ. ಶುಕ್ರವಾರ ಸಂಜೆಯಿಂದ ಶನಿವಾರ ಬೆಳಗ್ಗೆವರೆಗೆ ಬೆಂಗಳೂರಿನವರು ಸಕಲೇಶಪುರ, ಚಿಕ್ಕಮಗಳೂರು ಕಡೆ ಬರುತ್ತಿರುತ್ತಾರೆ. ಅವರು ಬರುವಾಗ ನಾವು ಹೋದರೆ ದಾರಿ ಖಾಲಿ. ಭಾನುವಾರ ಸಂಜೆ ಅವರೆಲ್ಲ ಒಟ್ಟಿಗೆ ವಾಪಸ್ ನುಗ್ಗುತ್ತಾರೆ. ಆ ಹೊತ್ತಿನಲ್ಲಿ ಬೆಂಗಳೂರಿನ ಕಡೆ ಹೊರಟರೆ ನೆಲಮಂಗಲದಿಂದ ಆಚೆಗೆ ಬಸ್ ತೆವಳುತ್ತದೆ. ಸೋಮವಾರ ಬೆಳಗ್ಗೆಯೂ ತುಮಕೂರು ರಸ್ತೆಯಲ್ಲಿ ಊರೊಳಗೆ ಹೋಗುವ ಕಡೆಯೇ ಗಾಡಿಗಳ ಸಾಲು. ನಾವು ಊರಿಂದ ಹೊರಗೆ ಬರುವ ಕಡೆಗಿರುತ್ತೇವೆ.

ಕಾಲದ ಲೆಕ್ಕ ಮನೆಯ ಕೆಲಸದ ಮೇಲೆ ನಿಂತಿದೆ. ರಾಗಿ ಒಕ್ಕಣೆ ಮುಗಿಸಿದವರಿಗೆ ಜನವರಿ ಒಳ್ಳೆಯದು. ಚಳಿ ಹಿತವಾಗಿರುತ್ತದೆ, ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನವೂ ಇರುತ್ತದೆ. ಕಾಫಿ ಕೊಯ್ಲಿನವರಿಗೆ ಆಗ ಬಿಡುವಿಲ್ಲ. ಅವರು ಆಗಸ್ಟ್ 15ರ ಆಸುಪಾಸಿನ ಪ್ರದರ್ಶನಕ್ಕೆ ಹೋಗಬಹುದು, ಮಲೆನಾಡಿನ ಮಳೆ ಕಂಡವರಿಗೆ ಆ ತಿಂಗಳ ಬೆಂಗಳೂರಿನ ಮಳೆ ಲೆಕ್ಕಕ್ಕಿಲ್ಲ. ಸೆಪ್ಟೆಂಬರ್, ಅಕ್ಟೋಬರಿನ ಸಂಜೆಗಳು ಮಾತ್ರ ಬೇಡ. ಅಲ್ಲಿ ಜೋರು ಮಳೆ ಬರುವುದು ಆಗಲೇ, ಅಂಡರ್‌ಪಾಸ್‌ಗಳಲ್ಲಿ ನೀರು ನಿಲ್ಲುತ್ತದೆ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲೂ ಪ್ರಯಾಣ ಬೇಡ. ಎರಡೂ ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಏನು ನೋಡುವುದು, ಏನು ಬಿಡುವುದು

ಈ ತೀರ್ಮಾನ ಮನೆಯಲ್ಲೇ ಆಗಬೇಕು, ಮೆಜೆಸ್ಟಿಕ್‌ನಲ್ಲಿ ನಿಂತು ಆಗಬಾರದು. ನಾವು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಕಂಡು ಬೆಳೆದವರು. 1117ರ ಚೆನ್ನಕೇಶವನ ಗುಡಿಯ ಕೆತ್ತನೆ ಮನೆಯ ಅಂಗಳದಲ್ಲಿದ್ದ ಹಾಗೆ ಇರುವಾಗ, ಬೆಂಗಳೂರಿಗೆ ಹೋಗಿ ಇಡೀ ದಿನ ಗುಡಿ ಸುತ್ತುವುದರಲ್ಲಿ ಅರ್ಥವಿಲ್ಲ. ಹರಕೆಯೋ ಭಕ್ತಿಯೋ ಇದ್ದರೆ ಒಂದೆರಡು ಸಾಕು. ನಮ್ಮ ಜಿಲ್ಲೆಯಲ್ಲಿ ಸಿಗದೇ ಇರುವುದನ್ನು ನೋಡಿ: ಮೆಟ್ರೋ, ತಾರಾಲಯ, ವಿಜ್ಞಾನದ ಮ್ಯೂಸಿಯಂ, ಗಾಜಿನ ಮನೆ, ವಿಧಾನಸೌಧದ ಒಳಾಂಗಣ, ಗಾಂಧಿ ಬಜಾರಿನ ಸಂಜೆ.

ಬನ್ನೇರುಘಟ್ಟದ ಬಗ್ಗೆ ಮಕ್ಕಳು ಹಟ ಹಿಡಿಯುತ್ತಾರೆ. ಅದು ಊರಿನ ದಕ್ಷಿಣದ ಹೊರಗಿದೆ, ಸಫಾರಿ ಸೇರಿಸಿದರೆ ಪೂರ್ತಿ ಒಂದು ದಿನ ಬೇಕು. ಮೈಸೂರಿನ ಝೂ ನೋಡಿದ ಮಕ್ಕಳಿಗೂ ಸಫಾರಿ ಹೊಸದೇ, ಅಲ್ಲಿ ಬಿಟ್ಟಿರುವ ಹುಲಿ ಸಿಂಹದ ನಡುವೆ ನಾವು ಗಾಡಿಯೊಳಗೆ ಕೂತಿರುತ್ತೇವೆ. ಹೋಗುವುದಾದರೆ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ, ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ, ಮಂಗಳವಾರ ರಜೆ ಎಂಬುದನ್ನು ಮರೆಯಬೇಡಿ. ಮೂರು ದಿನದಲ್ಲೇ ಅದನ್ನೂ ತುರುಕುವುದು ಬೇಡ. ನಂದಿಬೆಟ್ಟ ಇನ್ನೊಂದು ದಿಕ್ಕು, ಈ ಸಲಕ್ಕೆ ಅದನ್ನು ಬಿಟ್ಟೇಬಿಡಿ.

ವಾರದ ರಜೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಜವಾಹರಲಾಲ್ ನೆಹರು ತಾರಾಲಯಕ್ಕೆ ಸೋಮವಾರ ಮತ್ತು ತಿಂಗಳ ಎರಡನೇ ಮಂಗಳವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ. ಚಿಕ್ಕಪೇಟೆಯ ಎಷ್ಟೋ ಅಂಗಡಿಗಳು ಭಾನುವಾರ ಬಾಗಿಲು ಹಾಕಿರುತ್ತವೆ. ದೇವಸ್ಥಾನಗಳು ಮಧ್ಯಾಹ್ನ ಮುಚ್ಚಿರುತ್ತವೆ, ಸಂಜೆ ನಾಲ್ಕರ ಮೇಲೆಯೇ ತೆರೆಯುವುದು. ಶನಿವಾರದಿಂದ ಸೋಮವಾರ ಅಂತ ನಾನು ಹೇಳುವುದಕ್ಕೆ ಈ ಲೆಕ್ಕವೂ ಒಂದು ಕಾರಣ.

ಬಸ್ಸೋ, ರೈಲೋ, ಕಾರೋ

ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ ಆಗಿ ಬಸ್ಸಿಗೆ ನಾಲ್ಕು ಗಂಟೆ ಹಿಡಿಯುತ್ತದೆ. ಮನೆಯಲ್ಲಿ ಹೆಂಗಸರು ಹೆಚ್ಚಿದ್ದರೆ ಕೆಂಪು ಬಸ್ಸೇ ಲಾಭ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಅವರಿಗೆ ಚಾರ್ಜ್ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ, ಕಂಡಕ್ಟರ್ ಕೊಡುವ ಜೀರೋ ಟಿಕೆಟ್ ಇಳಿಯುವ ತನಕ ಬಿಸಾಡಬೇಡಿ. ರಾಜಹಂಸ, ಐರಾವತಕ್ಕೆ ಈ ಸೌಲಭ್ಯ ಇಲ್ಲ.

ವಯಸ್ಸಾದವರು, ಮಂಡಿ ನೋವಿನವರು, ಬಸ್ಸಿನಲ್ಲಿ ವಾಂತಿ ಬರುವವರು ಜೊತೆಗಿದ್ದರೆ ರೈಲಿನಲ್ಲಿ ಹೋಗಿ. ಕುಣಿಗಲ್ ಮೇಲಿನ ರೈಲು ಮಾರ್ಗ 2017ರಲ್ಲಿ ಪೂರ್ತಿಯಾದ ಮೇಲೆ ಹಾಸನದವರು ಅರಸೀಕೆರೆ ಸುತ್ತಿಕೊಂಡು ಹೋಗಬೇಕಾಗಿಲ್ಲ. ಬೆಳಗ್ಗೆ ಹಾಸನದಿಂದ ಹೊರಟು ಸಂಜೆ ಯಶವಂತಪುರದಿಂದ ಹಿಂದಿರುಗುವ ಇಂಟರ್‌ಸಿಟಿ ಇದೆ. ಸುಮಾರು ಮೂರು ಗಂಟೆಯ ಪ್ರಯಾಣ, ಶೌಚಾಲಯ ಇರುತ್ತದೆ, ಕಾಲು ಚಾಚಬಹುದು, ಟಿಕೆಟ್ ಬೆಲೆಯೂ ಹಗುರ. ಅರಸೀಕೆರೆ, ಕಡೂರು ಕಡೆಯವರಿಗೆ ಹುಬ್ಬಳ್ಳಿ ಮಾರ್ಗದಲ್ಲಿ ರೈಲುಗಳು ಬೇಕಾದಷ್ಟಿವೆ.

ಬಸ್ಸಿನಲ್ಲಿ ಹೋಗುವವರು ಮೆಜೆಸ್ಟಿಕ್ ತನಕ ಕೂರಲೇಬೇಕು ಅಂತ ಇಲ್ಲ. ಎಂಟನೇ ಮೈಲಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ, ಈ ಎಲ್ಲ ಕಡೆ ರಸ್ತೆಯ ಮೇಲೆಯೇ ಹಸಿರು ಮಾರ್ಗದ ಮೆಟ್ರೋ ನಿಲ್ದಾಣಗಳಿವೆ. ಬಸ್ ಮುಂದೆ ಹೋಗದೆ ನಿಂತಿದ್ದರೆ ಎಂಟನೇ ಮೈಲಿಯಲ್ಲಿ ಇಳಿದು ದಾಸರಹಳ್ಳಿ ನಿಲ್ದಾಣದಲ್ಲಿ ಮೆಟ್ರೋ ಹತ್ತಿ. ಇಳಿಯುವ ವಿಷಯ ಕಂಡಕ್ಟರಿಗೆ ನೆಲಮಂಗಲ ದಾಟಿದ ಕೂಡಲೇ ಹೇಳಿಡಿ.

ಕಾರಿನಲ್ಲಿ ಹೋಗಬೇಡಿ ಎನ್ನುತ್ತೇನೆ. ಒನ್‌ವೇ, ಪಾರ್ಕಿಂಗ್, ದಂಡ ಇವುಗಳ ನಡುವೆ ಓಡಿಸುವವರಿಗೆ ಊರು ನೋಡುವ ಭಾಗ್ಯವೇ ಇರುವುದಿಲ್ಲ. ಕಾರು ತಂದೇ ತರುತ್ತೀರಾದರೆ ನಾಗಸಂದ್ರ ಮೆಟ್ರೋ ಪಾರ್ಕಿಂಗ್‌ನಲ್ಲೋ ನೆಂಟರ ಮನೆಯ ಮುಂದೆಯೋ ನಿಲ್ಲಿಸಿ, ಅಲ್ಲಿಂದ ಮುಂದೆ ಮೆಟ್ರೋದಲ್ಲಿ ಹೋಗಿ.

ತಂಗುವ ಜಾಗ

ನಮ್ಮ ಕಡೆಯವರು ಬಹಳ ಮಂದಿ ಇರುವುದು ದಾಸರಹಳ್ಳಿ, ಪೀಣ್ಯ, ಲಗ್ಗೆರೆ, ಕಾಮಾಕ್ಷಿಪಾಳ್ಯ, ರಾಜಾಜಿನಗರದ ಸುತ್ತಮುತ್ತ. ನೆಂಟರ ಮನೆ ಮೆಟ್ರೋಗೆ ಹತ್ತಿರ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅಲ್ಲಿನ ಮನೆಗಳು ಚಿಕ್ಕವು, ನೀರು ದಿನಕ್ಕಿಷ್ಟು ಅಂತ ಬರುತ್ತದೆ, ಇಬ್ಬರೂ ಕೆಲಸಕ್ಕೆ ಹೋಗುವವರಾಗಿರುತ್ತಾರೆ. ನಾಲ್ಕಕ್ಕಿಂತ ಹೆಚ್ಚು ಜನ ಹೊರಟಿದ್ದರೆ ವಾರ ಮೊದಲೇ ಫೋನ್ ಮಾಡಿ ಕೇಳಿ. "ಸಂಜೆ ಊಟಕ್ಕೆ ಬರ್ತೀವಿ ಕಣವ್ವ, ಮಲಗೋಕೆ ಲಾಡ್ಜ್ ಮಾಡ್ಕೊಂಡಿದೀವಿ" ಅಂದರೆ ಅವರಿಗೂ ಹಗುರ, ನಮಗೂ ಹಗುರ. ಬರುವಾಗ ಹೊಲದ ಅವರೆಕಾಯಿಯೋ ತೋಟದ ಬಾಳೆಗೊನೆಯೋ ತಂದುಕೊಟ್ಟರೆ ಅವರಿಗಾಗುವ ಸಂತೋಷ ಅಂಗಡಿಯ ಸ್ವೀಟಿನಿಂದ ಆಗುವುದಿಲ್ಲ.

ಲಾಡ್ಜ್ ಆದರೆ ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ನೋಡಿ. ಗಾಂಧಿನಗರ, ಮಲ್ಲೇಶ್ವರ, ಯಶವಂತಪುರ ಅನುಕೂಲ. ರೈಲು ನಿಲ್ದಾಣದ ಎದುರಿನ ತೋಟದಪ್ಪನವರ ಛತ್ರ ಪ್ರವಾಸಿಗರಿಗಾಗಿಯೇ ಕಟ್ಟಿಸಿದ್ದು, ವಿಚಾರಿಸಿ ನೋಡಬಹುದು. ಹಣ ಕೊಡುವ ಮುಂಚೆ ರೂಮ್ ಕಣ್ಣಾರೆ ನೋಡಿ: ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ, ಲಿಫ್ಟ್ ಇದೆಯಾ, ವೆಸ್ಟರ್ನ್ ಟಾಯ್ಲೆಟ್ ಇದೆಯಾ, ಬಾಗಿಲ ಚಿಲಕ ಗಟ್ಟಿಯಿದೆಯಾ. ಚೆಕ್‌ಔಟ್ 24 ಗಂಟೆಯದೋ ಮಧ್ಯಾಹ್ನ 12ರದೋ ಕೇಳಿ. ಶನಿವಾರ ಬೆಳಗ್ಗೆ ಹತ್ತಕ್ಕೆ ಸೇರಿಕೊಳ್ಳುವವರಿಗೆ 24 ಗಂಟೆಯ ಲೆಕ್ಕವೇ ಒಳ್ಳೆಯದು. ಎಲ್ಲರ ಆಧಾರ್ ಕಾರ್ಡ್ ಜೊತೆಗಿರಲಿ. ಮೆಜೆಸ್ಟಿಕ್‌ನಲ್ಲಿ ಇಳಿದ ತಕ್ಷಣ "ರೂಮ್ ಬೇಕಾ ಸಾರ್" ಅಂತ ಹಿಂದೆ ಬರುವವರ ಜೊತೆ ಹೋಗಬೇಡಿ, ಅವರ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರಿರುತ್ತದೆ.

ಕೊನೆಯ ದಿನ ಬ್ಯಾಗ್ ಹೊತ್ತುಕೊಂಡು ಅಲೆಯುವುದು ಬೇಡ. ಲಾಡ್ಜಿನವರನ್ನೇ ಕೇಳಿ, ಸಂಜೆ ತನಕ ಇಟ್ಟುಕೊಳ್ಳುವವರು ಇರುತ್ತಾರೆ. ರೈಲಿನವರಿಗೆ ದೊಡ್ಡ ನಿಲ್ದಾಣಗಳಲ್ಲಿ ಕ್ಲೋಕ್‌ರೂಮ್ ಇದೆ, ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಹಾಕಿರಬೇಕು.

ಮೆಟ್ರೋ ಹತ್ತುವ ಬಗೆ

ಮೊದಲ ಸಲ ಹತ್ತುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೆಟ್ರೋ ಸಲೀಸಾದರೆ ಅರ್ಧ ಬೆಂಗಳೂರು ಸಲೀಸಾದ ಹಾಗೆ. ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ, ಉತ್ತರದಿಂದ ದಕ್ಷಿಣಕ್ಕೆ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ, ಪಶ್ಚಿಮದಿಂದ ಪೂರ್ವಕ್ಕೆ. ಎರಡೂ ಕೂಡುವುದು ಮೆಜೆಸ್ಟಿಕ್‌ನಲ್ಲಿ. 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುತ್ತದೆ, ನಮ್ಮ ಮೂರು ದಿನಕ್ಕೆ ಅದು ಬೇಕಾಗಿಲ್ಲ.

ಕೌಂಟರಿನಲ್ಲಿ ಹೋಗುವ ನಿಲ್ದಾಣದ ಹೆಸರು ಹೇಳಿ ಟೋಕನ್ ತೆಗೆದುಕೊಳ್ಳಿ, ತಲೆಗೊಂದು. ಒಳಗೆ ಹೋಗುವಾಗ ಗೇಟಿನ ಮೇಲೆ ಮುಟ್ಟಿಸಬೇಕು, ಹೊರಗೆ ಬರುವಾಗ ಗೇಟಿನ ಸೀಳಿಗೆ ಹಾಕಬೇಕು. ಮಕ್ಕಳ ಟೋಕನ್ ದೊಡ್ಡವರ ಹತ್ತಿರವೇ ಇರಲಿ, ಕಳೆದರೆ ದಂಡ. ಮೂರು ಅಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಟಿಕೆಟ್ ಬೇಡ. ಸ್ಮಾರ್ಟ್‌ಫೋನ್ ಬಳಸುವವರು ಜೊತೆಗಿದ್ದರೆ ನಮ್ಮ ಮೆಟ್ರೋ ಆ್ಯಪ್‌ನಲ್ಲಿ ಆರು ಜನರವರೆಗೆ ಒಂದೇ ಕ್ಯೂಆರ್ ಟಿಕೆಟ್ ಮಾಡಬಹುದು, ಸಾಲು ನಿಲ್ಲುವುದು ತಪ್ಪುತ್ತದೆ. 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ಕನಿಷ್ಠ 10, ಗರಿಷ್ಠ 90 ರೂಪಾಯಿ ಆಯಿತು. ಮೆಟ್ರೋದಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ ಎಂಬುದನ್ನು ಮನೆಯ ಹೆಂಗಸರಿಗೆ ಮೊದಲೇ ಹೇಳಿಬಿಡಿ.

ಎಸ್ಕಲೇಟರ್ ಕಂಡರೆ ನಮ್ಮ ಅಜ್ಜಿಯರು ಹಿಂದೆ ಸರಿಯುತ್ತಾರೆ. ಸೀರೆಯ ನೆರಿಗೆ ಸಿಕ್ಕಿಕೊಳ್ಳುವ ಭಯ ಅವರಿಗೆ, ಅದು ಸುಳ್ಳು ಭಯ ಅಲ್ಲ. ಒತ್ತಾಯ ಮಾಡಿ ಹತ್ತಿಸಬೇಡಿ, ನಾಲ್ಕು ಜನರ ಮುಂದೆ ನಗಬೇಡಿ. ಪ್ರತಿ ನಿಲ್ದಾಣದಲ್ಲೂ ಲಿಫ್ಟ್ ಇದೆ, ಅವರನ್ನು ಅದರಲ್ಲೇ ಕರೆದುಕೊಂಡು ಹೋಗಿ. ಹತ್ತುತ್ತೇನೆ ಎನ್ನುವವರಿಗೆ ನೆರಿಗೆ ಸ್ವಲ್ಪ ಎತ್ತಿ ಹಿಡಿಯಲು, ಹಳದಿ ಗೆರೆ ಮೆಟ್ಟದೆ ನಡುವೆ ಕಾಲಿಡಲು ಹೇಳಿ, ಒಬ್ಬರು ಅವರ ಹಿಂದೆಯೇ ನಿಲ್ಲಿ.

ರೈಲಿನ ಬಾಗಿಲು ಹೆಚ್ಚು ಹೊತ್ತು ತೆರೆದಿರುವುದಿಲ್ಲ. ಒಬ್ಬರು ಹತ್ತಿ ಒಬ್ಬರು ಉಳಿದರೆ ಗಾಬರಿ ಬೇಡ. ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ಕಾಯಬೇಕು, ಉಳಿದವರು ಅದರ ಹಿಂದೆಯೇ ಬರುವ ಗಾಡಿಯಲ್ಲಿ ಬರಬೇಕು. ಈ ಒಪ್ಪಂದ ಹತ್ತುವ ಮೊದಲೇ ಆಗಿರಲಿ. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಲು ಹೊರಗೆ ಬರಬೇಕಾಗಿಲ್ಲ, ಒಳಗೇ ಮಹಡಿ ಬದಲಿಸಿದರೆ ಸಾಕು, ಹಸಿರು ಮತ್ತು ನೇರಳೆ ಬಣ್ಣದ ಗುರುತು ನೋಡಿಕೊಂಡು ನಡೆಯಿರಿ. ವಾರದ ದಿನಗಳಲ್ಲಿ ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು ಕಾಲಿಡಲಾಗದ ಗರ್ದಿ. ಭಾನುವಾರ ಗಾಡಿ ಶುರುವಾಗುವುದೇ ಬೆಳಗ್ಗೆ 7ಕ್ಕೆ.

ಬಿಎಂಟಿಸಿ ಮತ್ತು ಆಟೋ

ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲೂ ಹೆಂಗಸರಿಗೆ ಫ್ರೀ. ಗಂಡಸರು ದಿನದ ಪಾಸ್ ಮಾಡಿಸಿಕೊಳ್ಳಬಹುದು, ಮೂರ್ನಾಲ್ಕು ಬಸ್ ಹತ್ತಿಳಿಯುವವರಿಗೆ ಅದು ಉಳಿತಾಯ. ಎಸಿ ಬಸ್ಸಿಗೆ ಆ ಪಾಸ್ ನಡೆಯದು. ಭಾನುವಾರ ರಸ್ತೆ ಖಾಲಿ ಇರುವಾಗ ಬಸ್ಸಿನ ಕಿಟಕಿಯಲ್ಲಿ ಕೂತು ಊರು ನೋಡುವುದೇ ಒಂದು ಸುಖ.

ಆಟೋ ಮೀಟರ್ ದರ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಒಂದೂವರೆ ಪಟ್ಟು, ಅವರು "ಒನ್ ಅಂಡ್ ಹಾಫ್" ಅಂದರೆ ಅದೇ. ಈ ಲೆಕ್ಕ ತಲೆಯಲ್ಲಿದ್ದರೆ ಕೇಳಿದ ರೇಟು ನ್ಯಾಯವೋ ಅಲ್ಲವೋ ಕೂಡಲೇ ಗೊತ್ತಾಗುತ್ತದೆ. ಕೂರುವ ಮೊದಲೇ ಮಾತಾಡಿ, ಕೂತ ಮೇಲೆ ಅಲ್ಲ. ನಮ್ಮ ಯಾತ್ರಿಯಂಥ ಆ್ಯಪ್‌ಗಳಲ್ಲಿ ಕರೆದರೆ ಚೌಕಾಸಿಯೇ ಇಲ್ಲ, ಓಟಿಪಿ ಹೇಳಿದರೆ ಆಯಿತು. ಆಟೋದಲ್ಲಿ ಮೂರೇ ಜನ. ಆರು ಜನರ ಮನೆಗೆ ಎರಡು ಆಟೋ ಬೇಕು, ಎರಡರಲ್ಲೂ ವಿಳಾಸ ಗೊತ್ತಿರುವ ಒಬ್ಬರು ಇರಬೇಕು. ಮಾತು ಕನ್ನಡದಲ್ಲೇ ಶುರು ಮಾಡಿ, ನಮ್ಮ ಹಾಸನದ ಮಾತಿನಲ್ಲೇ. "ಅಣ್ಣಾ, ಬಸವನಗುಡಿಗೆ ಬರ್ತೀರಾ" ಅಂದರೆ ಎಷ್ಟೋ ಸಲ ಆ ಕಡೆಯವರೂ ಕುಣಿಗಲ್ಲಿನವರೋ ನಾಗಮಂಗಲದವರೋ ಆಗಿರುತ್ತಾರೆ.

ಊಟ, ಶೌಚಾಲಯ, ದುಡ್ಡು

ದರ್ಶಿನಿ ಹೋಟೆಲಿನಲ್ಲಿ ಮೊದಲು ಕ್ಯಾಶ್ ಕೌಂಟರಿನಲ್ಲಿ ಹಣ ಕೊಟ್ಟು ಬಿಲ್ ತೆಗೆದುಕೊಂಡು, ಅದನ್ನು ಅಡುಗೆಯವರಿಗೆ ಕೊಟ್ಟು ತಿಂಡಿ ನಾವೇ ತಂದುಕೊಳ್ಳಬೇಕು. ಕೂರಲು ಕುರ್ಚಿ ಇರುವುದಿಲ್ಲ. ಬೆಳಗಿನ ತಿಂಡಿಗೆ ಸರಿ, ಮಧ್ಯಾಹ್ನದ ಊಟಕ್ಕೆ ಹಿರಿಯರನ್ನು ಕೂತು ಉಣ್ಣುವ ಹೋಟೆಲಿಗೇ ಕರೆದುಕೊಂಡು ಹೋಗಿ. ಮುದ್ದೆ ಇಲ್ಲದೆ ಆಗದವರಿಗೆ ಮಿಲ್ಟ್ರಿ ಹೋಟೆಲುಗಳು ಎಲ್ಲ ಬಡಾವಣೆಯಲ್ಲೂ ಇವೆ.

ಶೌಚಾಲಯದ ವಿಷಯ ಯಾರೂ ಬರೆಯುವುದಿಲ್ಲ, ಆದರೆ ಹೆಂಗಸರು ಊರು ಸುತ್ತಲು ಹಿಂಜರಿಯುವುದೇ ಇದಕ್ಕೆ. ಬೆಳಗ್ಗೆಯಿಂದ ನೀರೇ ಕುಡಿಯದೆ ಸುತ್ತಿ ಸಂಜೆಗೆ ತಲೆನೋವು ಬರಿಸಿಕೊಳ್ಳುವ ತಾಯಂದಿರು ಎಷ್ಟು ಜನ! ಮೆಟ್ರೋ ನಿಲ್ದಾಣಗಳಲ್ಲಿ, ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕಿನಲ್ಲಿ, ಕೂತು ಉಣ್ಣುವ ಹೋಟೆಲುಗಳಲ್ಲಿ ಶೌಚಾಲಯ ಇದೆ. ಅವರು ಕೇಳಲಿ ಅಂತ ಕಾಯಬೇಡಿ. ಒಂದು ಜಾಗದಿಂದ ಹೊರಡುವ ಮೊದಲು ನೀವೇ "ಹೋಗಿಬನ್ನಿ, ನಾವು ಇಲ್ಲೇ ಇರ್ತೀವಿ" ಅನ್ನಿ. ಐದು, ಹತ್ತರ ಚಿಲ್ಲರೆ ಅವರ ಕೈಯಲ್ಲೇ ಇರಲಿ.

ಹಣ ಒಬ್ಬರ ಹತ್ತಿರವೇ ಬೇಡ, ಎರಡು ಮೂರು ಕಡೆ ಹಂಚಿಡಿ. ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್, ತುಂಬಿದ ಬಸ್ಸು, ಈ ಮೂರು ಕಡೆ ಫೋನು ಮುಂದಿನ ಜೇಬಿನಲ್ಲಿರಲಿ, ಬ್ಯಾಗು ಎದೆಯ ಮೇಲಿರಲಿ. ದಾರಿಯಲ್ಲಿ ಅಗ್ಗಕ್ಕೆ ಮೊಬೈಲು, ವಾಚು ತೋರಿಸುವವರ ಹತ್ತಿರ ನಿಲ್ಲಲೇಬೇಡಿ. ಮೈಮೇಲಿನ ಒಡವೆ ಊರಲ್ಲೇ ಬಿಟ್ಟು ಹೊರಡುವುದು ಕ್ಷೇಮ.

ಮಕ್ಕಳ ಮತ್ತು ಹಿರಿಯರ ಜೇಬಿನಲ್ಲಿ ಒಂದು ಚೀಟಿ ಇಡಿ: ಹೆಸರು, ಇಬ್ಬರ ಫೋನ್ ನಂಬರ್, ಲಾಡ್ಜಿನ ಅಥವಾ ನೆಂಟರ ಮನೆಯ ವಿಳಾಸ. ಫೋನಿನ ಚಾರ್ಜ್ ಮುಗಿಯಬಹುದು, ಚೀಟಿ ಮುಗಿಯುವುದಿಲ್ಲ. ಪ್ರತಿ ಜಾಗಕ್ಕೆ ಹೋದ ತಕ್ಷಣ ಒಂದು ಗುರುತು ತೋರಿಸಿ "ತಪ್ಪಿಸಿಕೊಂಡರೆ ಇಲ್ಲಿ ಬಂದು ನಿಲ್ಲಿ" ಅನ್ನಿ. ಕೈ ಮೀರಿದರೆ 112ಕ್ಕೆ ಫೋನ್ ಮಾಡಿ. ಬೆಂಗಳೂರಿನ ಪೊಲೀಸ್ ಗಸ್ತು ಗಾಡಿಗಳ ಹೆಸರು ಹೊಯ್ಸಳ. ನಮ್ಮ ಅಜ್ಜಿಯರಿಗೆ ಆ ಹೆಸರು ಹೇಳಿಕೊಡಿ, ಮರೆಯುವುದಿಲ್ಲ.

ಶನಿವಾರ: ದಕ್ಷಿಣ

ಹತ್ತು ಗಂಟೆಗೆ ಸೇರಿ, ಸ್ನಾನ ಊಟ ಮುಗಿಸಿ, ಒಂದು ಗಂಟೆ ಎಲ್ಲರೂ ಮಲಗಿ. ನಾಲ್ಕು ಗಂಟೆಗೆ ಎದ್ದು ಹೊರಟವರು ಅದೇ ದಣಿವಿನಲ್ಲಿ ಸುತ್ತಿದರೆ ಎರಡನೇ ದಿನವೂ ಕೆಡುತ್ತದೆ. ಮಧ್ಯಾಹ್ನ ಎರಡೂವರೆಗೆ ಹಸಿರು ಮಾರ್ಗದಲ್ಲಿ ಲಾಲ್‌ಬಾಗ್ ನಿಲ್ದಾಣಕ್ಕೆ ಹೋಗಿ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಇಂದು 240 ಎಕರೆ. ಪೂರ್ತಿ ಸುತ್ತುವ ಹಟ ಬೇಡ. ಗಾಜಿನ ಮನೆ, ಕೆರೆ, ಬಂಡೆ, ಇಷ್ಟು ಸಾಕು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಅದರ ನೆತ್ತಿಯಲ್ಲಿ ಕೆಂಪೇಗೌಡ ಗೋಪುರ ಇದೆ, ಸಂಜೆಯ ಬಿಸಿಲಿಗೆ ಊರೆಲ್ಲ ಕಾಣುತ್ತದೆ. ನಡೆಯಲಾಗದವರಿಗೆ ಬ್ಯಾಟರಿ ಗಾಡಿ ವಿಚಾರಿಸಿ.

ಐದರ ಹೊತ್ತಿಗೆ ಆಟೋದಲ್ಲಿ ಬಸವನಗುಡಿ. ಒಂದೇ ಕಲ್ಲಿನ ದೊಡ್ಡ ಬಸವಣ್ಣ, ಕೆಳಗೆ ದೊಡ್ಡ ಗಣಪತಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಹೋದವರಿಗೆ ಇಲ್ಲಿ ಕಡಲೆಕಾಯಿ ಪರಿಷೆ. ಅಲ್ಲಿಂದ ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ಹೂವು, ಹಣ್ಣು, ಗ್ರಂಧಿಗೆ ಅಂಗಡಿ, ತರಕಾರಿಯ ನಡುವೆ ಕನ್ನಡವೇ ಕೇಳಿಸುವ ಈ ಬೀದಿ ನಮ್ಮವರಿಗೆ ಬೇಗ ಒಗ್ಗುತ್ತದೆ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ದೋಸೆ ತಿನ್ನಿ, ಹೆಸರು ಬರೆಸಿ ಕಾಯಬೇಕು, ಅದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ರಾತ್ರಿ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ವಾಪಸ್.

ಭಾನುವಾರ: ನಡುಊರು

ಮೂರು ದಿನದಲ್ಲಿ ಇದೇ ದೊಡ್ಡ ದಿನ. ಕಬ್ಬನ್ ಪಾರ್ಕಿನೊಳಗೆ ಭಾನುವಾರ ಗಾಡಿಗಳಿಗೆ ಪ್ರವೇಶ ಇಲ್ಲ, ಮಕ್ಕಳನ್ನು ಕೈಬಿಟ್ಟು ಓಡಲು ಬಿಡಬಹುದು. ಎದುರಿಗೆ ವಿಧಾನಸೌಧ. ಕೆಂಗಲ್ ಹನುಮಂತಯ್ಯನವರು ಕನಸು ಕಂಡು ಕಟ್ಟಿಸಿದ್ದು, 1956ರಲ್ಲಿ ಪೂರ್ತಿಯಾದದ್ದು. "ಸರ್ಕಾರದ ಕೆಲಸ ದೇವರ ಕೆಲಸ" ಎಂಬ ಸಾಲನ್ನು ಮಕ್ಕಳಿಂದ ಓದಿಸಿ. 2025ರ ಜೂನಿನಿಂದ ಒಳಗೆ ಹೋಗಿ ನೋಡುವ ವ್ಯವಸ್ಥೆ ಇದೆ: ಭಾನುವಾರಗಳಂದು, ಎರಡನೇ ಮತ್ತು ನಾಲ್ಕನೇ ಶನಿವಾರಗಳಂದು, ಮಾರ್ಗದರ್ಶಿ ಜೊತೆಗೆ. ಟಿಕೆಟ್ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ವೆಬ್‌ಸೈಟಿನಲ್ಲಿ ಮೊದಲೇ ಮಾಡಿಸಬೇಕು, ಗುರುತಿನ ಚೀಟಿ ಕಡ್ಡಾಯ. ಹಾಸನದಿಂದ ಹೊರಡುವ ಮುಂಚೆ ಮಾಡಬೇಕಾದ ಕೆಲಸಗಳಲ್ಲಿ ಇದನ್ನು ಮೊದಲು ಮಾಡಿ. ಮತ ಹಾಕಿ ಕಳಿಸಿದವರು ಕೂರುವ ಜಾಗ ಹೇಗಿದೆ ಅಂತ ನೋಡುವುದು ಪ್ರತಿ ಮನೆಯವರ ಹಕ್ಕು ಎಂದು ನಾನು ನಂಬಿದ್ದೇನೆ.

ಅಲ್ಲಿಂದ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ. ಹೈಸ್ಕೂಲು ಮಕ್ಕಳಿದ್ದರೆ ಮೂರು ಗಂಟೆ ಇಲ್ಲೇ ಕೊಡಿ. ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ ತಾವೇ ಮಾಡಿ ನೋಡುವ ಯಂತ್ರಗಳಿವೆ, ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಇದೆ. ಸಂಜೆಯ ಮೊದಲು ತಾರಾಲಯ. ಕನ್ನಡದ ಪ್ರದರ್ಶನ, ಇಂಗ್ಲಿಷಿನ ಪ್ರದರ್ಶನ ಬೇರೆ ಬೇರೆ ಹೊತ್ತಿನಲ್ಲಿರುತ್ತವೆ, ಕನ್ನಡದ ವೇಳೆ ಕೇಳಿಕೊಂಡೇ ಟಿಕೆಟ್ ತೆಗೆದುಕೊಳ್ಳಿ. ಅಜ್ಜ ಅಜ್ಜಿಯರಿಗೂ ಇದು ಬಹಳ ಹಿಡಿಸುತ್ತದೆ, ಹೊಲದಲ್ಲಿ ಮಲಗಿ ಕಂಡ ನಕ್ಷತ್ರಗಳಿಗೆ ಅವರಲ್ಲಿ ಹೆಸರುಗಳಿವೆ. ಕತ್ತಲಾದ ಮೇಲೆ ವಿಧಾನಸೌಧದ ದೀಪಾಲಂಕಾರ ನೋಡಿ ಮೆಟ್ರೋ ಹತ್ತಿ. ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್ ಹುಡುಗ ಹುಡುಗಿಯರಿಗೆ ಬೇಕು. ದಣಿದ ಹಿರಿಯರನ್ನು ಅಲ್ಲಿಗೆ ಎಳೆಯಬೇಡಿ, ಬೇಕಾದವರು ಒಂದು ಗಂಟೆ ಹೋಗಿ ಬರಲಿ.

ಸೋಮವಾರ: ಮಲ್ಲೇಶ್ವರ, ಆಮೇಲೆ ವಾಪಸ್

ರೂಮ್ ಖಾಲಿ ಮಾಡಿ ಬ್ಯಾಗ್ ಅಲ್ಲೇ ಇಡಿ. ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದರೆ ಮಲ್ಲೇಶ್ವರ. ಬೆಳಗ್ಗೆ ಎಂಟೂವರೆಗೆ ಹೋದರೆ ಕಾಡುಮಲ್ಲೇಶ್ವರನ ಗುಡಿ ತಂಪಾಗಿರುತ್ತದೆ, ಎದುರಿಗೆ ನಂದಿತೀರ್ಥ. ಎಂಟನೇ ಕ್ರಾಸಿನಲ್ಲಿ ಹೂವು, ಬಳೆ, ಪಾತ್ರೆ, ಬಟ್ಟೆ ಎಲ್ಲ ಸಿಗುತ್ತದೆ, ಮನೆಯ ಖರೀದಿಗೆ ಇದು ಸಾಕು. ಮದುವೆಯ ಸೀರೆಗಳೇ ಬೇಕು ಎನ್ನುವವರು ಮಾತ್ರ ಚಿಕ್ಕಪೇಟೆಗೆ ಹೋಗಿ. ಅಲ್ಲಿಗೂ ಹಸಿರು ಮಾರ್ಗವೇ, ನಿಲ್ದಾಣದ ಹೆಸರೂ ಚಿಕ್ಕಪೇಟೆ. ನಾಲ್ಕು ಅಂಗಡಿ ಕೇಳದೆ ಕೊಳ್ಳಬೇಡಿ. ಇಸ್ಕಾನ್‌ಗೆ ಹೋಗುವ ಆಸೆಯಿದ್ದರೆ ಮಧ್ಯಾಹ್ನಕ್ಕೆ ಮುಚ್ಚುವ ಮೊದಲು ಮುಗಿಸಿ, ಮಹಾಲಕ್ಷ್ಮಿ ನಿಲ್ದಾಣದಿಂದ ಹತ್ತಿರ.

ಬಸ್ಸಿನವರು ಮೂರು ಗಂಟೆಯೊಳಗೆ ಹೊರಟುಬಿಡಿ. ನಾಲ್ಕೂವರೆ ದಾಟಿದರೆ ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗೆ ಕಾರ್ಖಾನೆ, ಆಫೀಸು ಬಿಟ್ಟವರ ಗಾಡಿಗಳು ರಸ್ತೆ ತುಂಬುತ್ತವೆ. ಮೆಜೆಸ್ಟಿಕ್‌ನಲ್ಲೇ ಹತ್ತಿದರೆ ಸೀಟು ಸಿಗುತ್ತದೆ. ಹಾಸನದ ಬಸ್ ಯಾವ ಅಂಕಣದಲ್ಲಿ ನಿಲ್ಲುತ್ತದೆ ಎಂದು ವಿಚಾರಣೆ ಕೌಂಟರಿನಲ್ಲಿ ಕೇಳಿ, ಒಬ್ಬರನ್ನು ಮುಂದೆ ಕಳಿಸಿ ಜಾಗ ಹಿಡಿಸಿ, ಆಮೇಲೆ ಹಿರಿಯರನ್ನು ಕರೆದೊಯ್ಯಿರಿ. ಸಂಜೆಯ ಇಂಟರ್‌ಸಿಟಿಯವರು ಅರ್ಧ ಗಂಟೆ ಮೊದಲೇ ಯಶವಂತಪುರ ಪ್ಲಾಟ್‌ಫಾರ್ಮಿನಲ್ಲಿರಲಿ. ಕೈಯಲ್ಲಿ ನೀರಿನ ಬಾಟಲಿ, ಎರಡು ಡಜನ್ ಬಾಳೆಹಣ್ಣು ಇದ್ದರೆ ಚನ್ನರಾಯಪಟ್ಟಣದ ತನಕ ಮಕ್ಕಳು ಸುಮ್ಮನಿರುತ್ತಾರೆ. ಹಾಸನದಲ್ಲಿ ಇಳಿದ ಮೇಲೆ ಆಲೂರು, ಅರಕಲಗೂಡು, ಬೇಲೂರು ಕಡೆಯ ಹಳ್ಳಿಗಳಿಗೆ ಹೋಗುವವರು ತಮ್ಮ ಊರಿನ ಕೊನೆಯ ಬಸ್ಸಿನ ವೇಳೆಯನ್ನು ಹೊರಡುವ ದಿನವೇ ಕೇಳಿಟ್ಟುಕೊಂಡಿರಲಿ. ಅದು ತಪ್ಪುವ ಹಾಗಿದ್ದರೆ ಬೆಂಗಳೂರಿನಿಂದ ಒಂದು ಗಂಟೆ ಮೊದಲೇ ಹೊರಡಿ.